ನಲವತ್ತಮೂರು ಎಣಿಸುವವರೆಗೆ

ಒಗೆದು ಮಡಿಸಿಟ್ಟಿದ್ದ ಟವೆಲುಗಳನ್ನೇ ಬಿಚ್ಚಿ ಆರ್ಲಿಸ್ ಮತ್ತೆ ಮಡಿಸುತ್ತಿದ್ದಳು. ಮೂರು ಮಡಿಕೆಯದನ್ನು ನಾಲ್ಕು ಮಾಡಿದಳು, ಅಂಚು ಕೂಡಲಿಲ್ಲ, ಮತ್ತೆ ಮೂರಕ್ಕೇ ಬಂದಳು. ಗೋಡೆಯಾಚೆ ಹಜಾರದಲ್ಲಿ ಟೀವಿಯ ಗದ್ದಲ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಅಡಿಗೆ, ನೆಲದೊಳಗೆ ಯಾರೋ ಮಲಗಿ ಗೊರಕೆ ಹೊಡೆಯುತ್ತಿರುವ ಹಾಗೆ, ಆಮ್ಲಜನಕದ ಯಂತ್ರದ ಒಂದೇ ಸಮನಾದ ಗುಂಯ್. ಆ ಗುಂಯ್‌ಗುಡುವಿಕೆಯ ನಡುವೆ ಲೂಮಿರ್‌ನ ಉಸಿರು ಕೇಳಿಸುತ್ತದೆಯೇ ಎಂದು ಅವಳು ಕಿವಿಗೊಟ್ಟಳು. ಕೇಳಿಸಲಿಲ್ಲ. ಹಜಾರಕ್ಕೂ ಈ ಒಗೆಯುವ ಕೋಣೆಗೂ ಹನ್ನೊಂದು ಹೆಜ್ಜೆ. ಹನ್ನೊಂದು ಹೆಜ್ಜೆಯಾಚೆ ಗಂಡ ಸಾಯುತ್ತಿದ್ದ. ಇವಳು ಇಲ್ಲಿ ಟವೆಲಿನ ಅಂಚು ಕೂಡಿಸುತ್ತಿದ್ದಳು.

“ಆರ್ಲಿಸ್, ಅಲ್ಲೇ ಇದ್ದೀ ತಾನೆ?” ಮೈದುನ ಮೈಲೋ ಕೂಗಿದ.

“ಇನ್ನೆಲ್ಲಿಗೆ ಹೋಗ್ಲಿ?”

“ಇಣುಕಬೇಡ ಮಹರಾಯ್ತಿ! ಅವರು ಏಳು, ನಾವು ಸೊನ್ನೆ. ನೀನು ಕಾಫಿ ಹಿಡ್ಕೊಂಡು ಬಂದಾಗ್ಲೇ ಆಗಿದ್ದು ಅದು. ನಾನು ಬೇಕಂತ ಹೇಳ್ತಿಲ್ಲ, ಕಣ್ಣಾರೆ ಕಂಡಿದ್ದು.”

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಬೆಳಿಗ್ಗೆ ಹನ್ನೊಂದರಿಂದ ನೆಬ್ರಾಸ್ಕಾದ ಆ ಊರಿನ ಬೀದಿಗಳಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ರಾಜ್ಯದ ಯೂನಿವರ್ಸಿಟಿಯ ಹುಡುಗರು ಪಕ್ಕದ ರಾಜ್ಯದ ಹುಡುಗರ ಮೇಲೆ ಫುಟ್‌ಬಾಲ್, ಚೆಂಡು ಎದೆಗವಚಿಕೊಂಡು ಗೆರೆ ದಾಟುವ ಆ ಅಮೆರಿಕದ ಆಟ, ಆಡುವ ದಿನ. ಋತುವಿನ ಕಡೆಯ ಆಟ; ಉಳಿದವೆಲ್ಲ ಶನಿವಾರ, ಇದೊಂದು ಮಾತ್ರ ಶುಕ್ರವಾರ. ಎಲ್ಲ ಮನೆಗಳ ಒಳಗೂ ಅದೇ ಹಸಿರು ಬೆಳಕು, ಅದೇ ಕೆಂಪು ಅಂಗಿಗಳು. ಆರ್ಲಿಸ್ ಕೂಡ ಕೆಂಪು ಅಂಗಿಯನ್ನೇ ತೊಟ್ಟಿದ್ದಳು. ನೋಡುವ ಹಕ್ಕಿಲ್ಲದಿದ್ದರೂ ತೊಡುವ ಹಕ್ಕು ಅವಳಿಗಿತ್ತು. ಮದುವೆಯಾದ ಹೊಸತರಲ್ಲಿ ಒಂದು ಶನಿವಾರ, ಕಡೆಯ ಗಳಿಗೆಯಲ್ಲಿ, ಬಿಸಿ ದಾಲ್ಚಿನ್ನಿ ರೋಲುಗಳ ತಟ್ಟೆ ಹಿಡಿದು ಅವಳು ಹಜಾರದ ಬಾಗಿಲಲ್ಲಿ ನಿಂತಿದ್ದಳು. ಅದೇ ಕ್ಷಣಕ್ಕೆ ನಮ್ಮ ಹುಡುಗ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ಈಚೆ ಬಿತ್ತು. ಮಾವ ತಿರುಗಿ ನೋಡಿದ, ಚೆಂಡನ್ನು ಕಂಬವಲ್ಲ, ಇವಳೇ ತಡೆದಳೆನ್ನುವ ಹಾಗೆ. ಮುಂದಿನ ವರ್ಷವೂ ಹಾಗೇ ಆಯಿತು. ಮೂರನೇ ವರ್ಷ ಯಾರೋ, ಬಹುಶಃ ಮೈಲೋನೇ, ಆಗ ಅವನಿಗೆ ಮೀಸೆಯೂ ಬಂದಿರಲಿಲ್ಲ, “ಇವಳನ್ನ ಸ್ವಲ್ಪ ಆಚೆ ಕಳ್ಸಿ ನೋಡೋಣ” ಅಂದ. ಕಳಿಸಿದರು. ಗೆದ್ದರು. ಅಷ್ಟೇ. ಅಷ್ಟರಿಂದಲೇ ಒಬ್ಬ ಹೆಂಗಸಿನ ಜೀವಮಾನದ ಶನಿವಾರಗಳೆಲ್ಲ ತೀರ್ಮಾನವಾಗಿ ಹೋದವು.

ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ನಗದಿದ್ದರೆ ಮುನಿಸಿಕೊಂಡಳು ಅನ್ನುತ್ತಾರೆಂದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಒಂದು ಕ್ರಿಸ್‌ಮಸ್‌ಗೆ ಮೈಲೋ ಅವಳಿಗೊಂದು ಮಡಿಸುವ ಕುರ್ಚಿ ಕೊಟ್ಟ. ಬೆನ್ನಿನ ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ‘ಆರ್ಲಿಸ್’ ಅಂತ ಬರೆಸಿದ್ದ, ಒಗೆಯುವ ಕೋಣೆಗೆಂದು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು, ಸಂಜೆ ಪಾತ್ರೆ ತಿಕ್ಕುವಾಗ ಮುಖದ ಸ್ನಾಯುಗಳು ನೋಯುತ್ತಿದ್ದವು. ಅವಳು ಅಡುಗೆ ಮಾಡುವ ಶಾಲೆಯಲ್ಲಿ ಶುಕ್ರವಾರ ಮಕ್ಕಳು ತಟ್ಟೆ ಚಾಚುತ್ತಾ “ನಾಳೆ ನೋಡ್ಬೇಡಿ ಮಿಸೆಸ್ ಕೊಸ್ಟಾಲ್” ಅನ್ನುತ್ತಿದ್ದವು. ತಂಡ ಒಂದೂ ಆಟ ಸೋಲದ ವರ್ಷವೊಂದಿತ್ತು. ಆ ವರ್ಷದ ಒಂದು ಓಟವನ್ನೂ ಅವಳು ಕಂಡಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಜನ ಬಂದು ಅವಳ ಕೈ ಕುಲುಕಿದರು: “ಎಲ್ಲಾ ನಿಮ್ಮಿಂದ.” ಆಗ ಅವಳಿಗೆ ಹೆಮ್ಮೆಯಾಗಿತ್ತು. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಆ ಹೆಮ್ಮೆಗೇ. ಅವರು ನಂಬಿದ್ದರು ಸರಿ, ತಾನು ಯಾವಾಗ ನಂಬಿದೆ? ನೋಡದೆ ಇರುವುದೇ ತಾನು ಮಾಡುವ ಕೆಲಸ, ಬೇರೆ ಹೆಂಗಸರು ಹೊಲಿಯುವ ಹಾಗೆ, ಹಾಡುವ ಹಾಗೆ, ಅಂತ ಯಾವಾಗ ಅಂದುಕೊಂಡೆ?

ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು ಲೂಮಿರ್‌ನ ಎದೆಯ ಚಿತ್ರವನ್ನು ಬೆಳಕಿನ ಪರದೆಗೆ ಹಾಕುವ ಮುಂಚೆ ಅವನು ಇವಳತ್ತ ಕಣ್ಣು ಮಿಟುಕಿಸಿದ್ದ. “ನೀ ಆಚೆ ಇರು ಆರ್ಲಿಸ್, ಗೊತ್ತಲ್ಲ.” ಇಬ್ಬರೂ ನಕ್ಕಿದ್ದರು. ಅವಳು ಆಚೆ ಬೆಂಚಿನ ಮೇಲೆ ಕೂತಳು. ಚಿತ್ರ ಪರವಾಗಿಲ್ಲ ಅಂದರು. ಜೂನ್‌ನಲ್ಲೂ ಆಚೆಯೇ ಕೂತಳು, ಆಗಲೂ ಪರವಾಗಿಲ್ಲ. ಆಗಸ್ಟ್‌ನಲ್ಲಿ ಅವಳಿಗೆ ತಡೆಯಲಾಗಲಿಲ್ಲ, ಹೆಂಡತಿ ನಾನು, ನನಗೂ ತೋರಿಸಿ ಅಂತ ಒಳಗೆ ನುಗ್ಗಿದಳು. ಪರದೆಯ ಮೇಲೆ ಅವನ ಎರಡು ಶ್ವಾಸಕೋಶಗಳು ಹಿಮ ಬಿದ್ದ ಹೊಲದ ಹಾಗೆ ಬೆಳ್ಳಗಿದ್ದವು. ನಲವತ್ತು ವರ್ಷ ಧಾನ್ಯದ ಗೋದಾಮಿನಲ್ಲಿ ಕುಡಿದ ಧೂಳು ಎಂದು ಡಾಕ್ಟರು ಏನೇನೋ ವಿವರಿಸುತ್ತಿದ್ದ. ಅವಳಿಗೆ ಒಂದೇ ಕೇಳಿಸುತ್ತಿತ್ತು: ನೋಡಿಬಿಟ್ಟೆ, ನೋಡಿಬಿಟ್ಟೆ. ಲೂಮಿರ್ ಆ ದಿನ ಕಾರಿನಲ್ಲಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಎಂಟಕ್ಕೆ ಬಂದ ನರ್ಸು ಅವನ ಪಾದ ಮುಟ್ಟಿ ನೋಡಿ, ಮೊಣಕಾಲು ಮುಟ್ಟಿ ನೋಡಿ, ಇವಳನ್ನು ಅಡುಗೆಮನೆಗೆ ಕರೆದಿದ್ದಳು. “ಇನ್ನು ವಾರಗಳ ಮಾತಲ್ಲಮ್ಮ, ದಿನಗಳದ್ದು. ಉಸಿರಿನ ನಡುವೆ ಬಿಡುವು ಬರ್ತಾ ಹೋಗುತ್ತೆ. ಹತ್ತಿರವೇ ಇರಿ. ಎಷ್ಟೋ ಜನ ಕಾಫಿ ತರೋಕೆ ಅಂತ ಎದ್ದು ಹೋದಾಗಲೇ...” ಅಂದು ಮಾತು ನುಂಗಿಕೊಂಡಿದ್ದಳು. “ಹತ್ತಿರವೇ ಇರ್ತೀನಿ” ಅಂದಿದ್ದಳು ಆರ್ಲಿಸ್. ಅಂದು ಮೂರು ಗಂಟೆ ಕಳೆದಿರಲಿಲ್ಲ, ಮೈಲೋ ಬೀರಿನ ಡಬ್ಬ ಹಿಡಿದು ಬಂದ, ಟೀವಿ ಹಚ್ಚಿದ, “ಸರಿ, ಆರ್ಲಿಸ್, ಜಾಗಕ್ಕೆ ಹೋಗು” ಅಂದ. ಅವಳು ಲೂಮಿರ್‌ನತ್ತ ನೋಡಿದಳು. ಕಿಟಕಿಯ ಪಕ್ಕದ ಆಸ್ಪತ್ರೆ ಮಂಚದಲ್ಲಿ ದಿಂಬುಗಳ ನಡುವೆ ಅವನ ಮುಖ ಸಣ್ಣದಾಗಿತ್ತು. ಬೇಡ, ಇಲ್ಲೇ ಇರಲಿ ಎಂದು ಅವನು ಹೇಳಬಹುದೆಂದು ಕಾದಳು. ಅವನು ಬೆರಳೆತ್ತಿ ಬಾಗಿಲು ತೋರಿಸಿದ. “ಗೆದ್ರೆ... ಇವತ್ತು... ಆರಾಗುತ್ತೆ.” ವರ್ಷಕ್ಕೆ ಆರು ಆಟ ಗೆದ್ದ ತಂಡಕ್ಕೆ ಡಿಸೆಂಬರ್ ಕೊನೆಗೆ ಇನ್ನೊಂದು ಆಟ ಸಿಗುತ್ತದೆ, ದೂರದ ಯಾವುದೋ ಬೆಚ್ಚಗಿನ ಊರಿನಲ್ಲಿ. ಏಳು ವರ್ಷದಿಂದ ಸಿಕ್ಕಿರಲಿಲ್ಲ. ಅವನಿಗೆ ಅದು ಬೇಕಿತ್ತು. ಡಿಸೆಂಬರ್ ಕೊನೆ ಎಂದರೆ ಮೂವತ್ತು ದಿನ. ಅವನು ಒಂದು ಆಟಕ್ಕಾಗಿ ಕಾಯುವವನಾದರೆ ಅಲ್ಲಿಯವರೆಗೆ ಉಸಿರನ್ನು ಹೇಗೋ ಎಳೆದುಕೊಂಡು ಹೋದಾನು ಎಂದು ಅವಳಿಗೆ ಅನ್ನಿಸಿತ್ತು. ಹಾಗಾಗಿ ಎದ್ದು ಬಂದಿದ್ದಳು. ಅವನ ಪಕ್ಕ ಕೂತರೆ ಇವತ್ತು ಸಿಗುತ್ತಾನೆ, ಇಲ್ಲಿ ಕೂತರೆ ಡಿಸೆಂಬರ್ ಸಿಗಬಹುದು. ಯಾವುದನ್ನು ಆರಿಸಬೇಕೆಂದು ನರ್ಸನ್ನು ಕೇಳುವುದು ಹೇಗೆ?

ಪಕ್ಕದ ಮನೆಯ ಡೆಲ್ಮರ್ ತನ್ನ ಗಾಡಿಯ ಹಾರ್ನನ್ನು ಒಮ್ಮೆ ಒತ್ತಿದ.

ಒಗೆಯುವ ಕೋಣೆಯ ಕಿಟಕಿಯಿಂದ ಅವನ ಗ್ಯಾರೇಜು ನೇರ ಕಾಣುತ್ತದೆ. ಹೆಂಡತಿಗೆ ಅವನ ಕಿರುಚಾಟ ಆಗುವುದಿಲ್ಲವೆಂದು ಆಟದ ದಿನ ಮುದುಕ ಗ್ಯಾರೇಜಿನಲ್ಲೇ, ಬಾಗಿಲು ಮೇಲೆತ್ತಿ, ಕಾಲ ಬಳಿ ಹೀಟರು, ಮೊಣಕಾಲ ಮೇಲೆ ರೇಡಿಯೋ ಇಟ್ಟುಕೊಂಡು ಕೂರುತ್ತಾನೆ. ನಮ್ಮವರು ಅಂಕ ಗಳಿಸಿದರೆ ಹಾರ್ನು. ಗೆದ್ದರೆ ಬೀದಿ ಕಿವುಡಾಗುವಷ್ಟು ಹಾರ್ನು. ಸೋತರೆ ಗ್ಯಾರೇಜಿನ ಬಾಗಿಲು ದಡದಡನೆ ಕೆಳಗೆಳೆದು ಒಳಗೆ ಹೋಗುತ್ತಾನೆ, ಭಾನುವಾರದವರೆಗೆ ಮುಖ ತೋರಿಸುವುದಿಲ್ಲ. ಹಜಾರದಲ್ಲಿ ಇನ್ನೂ ಯಾವ ಕೂಗೂ ಇರಲಿಲ್ಲ. ಇವನಿಗೇನು ಭ್ರಮೆಯೇ ಎಂದು ಆರ್ಲಿಸ್ ಟವೆಲು ಕೆಳಗಿಟ್ಟಳು. ಇನ್ನೊಂದು ಟವೆಲು ಎತ್ತಿದಳು. ಮಡಿಸಿದಳು. ಆಮೇಲೆ ಹಜಾರ ಸಿಡಿಯಿತು. ಮೈಲೋ ಕಿರುಚಿದ, ಕುರ್ಚಿ ಬಿತ್ತು, “ಗೆರೆ ದಾಟ್ದ! ದಾಟ್ದ! ಆರು ಬಂತು, ಇನ್ನೊಂದು ಒದ್ರೆ ಏಳಕ್ಕೆ ಏಳು! ಆರ್ಲಿಸ್, ನಿನ್ನ ಪಾದಕ್ಕೆ ಶರಣು, ಅಲ್ಲೇ ಇರು!”

ಮಧ್ಯಂತರದಲ್ಲಿ ಮಾತ್ರ ಅವಳಿಗೆ ಒಳಗೆ ಬರಲು ಅಪ್ಪಣೆ. ಚಿಲ್ಲಿ ಎನ್ನುವ ಮಾಂಸ-ಕಾಳಿನ ಖಾರದ ಸಾರಿನ ಬಟ್ಟಲು, ಪಕ್ಕದಲ್ಲಿ ದಾಲ್ಚಿನ್ನಿ ರೋಲು, ಎರಡನ್ನೂ ತಟ್ಟೆಗೆ ಹಾಕಿಕೊಂಡು ಹೋದಳು. ಮೈಲೋ ರೋಲನ್ನು ಖಾರದ ಚಿಲ್ಲಿಯಲ್ಲಿ ಅದ್ದಿ ಅದ್ದಿ ತಿಂದ, ಚಿಕ್ಕಂದಿನಿಂದಲೂ ತಿನ್ನುತ್ತಿದ್ದ ಹಾಗೆಯೇ. ಲೂಮಿರ್‌ಗೆ ಅವಳು ರೋಲಿನ ಮೇಲಿನ ಸಕ್ಕರೆಯ ಲೇಪವನ್ನು ಬೆರಳ ತುದಿಯಲ್ಲಿ ತೆಗೆದು ತುಟಿಗೆ ಸವರಿದಳು. ಅವನು ನಾಲಗೆ ಚಾಚಿ ನೆಕ್ಕಿದ. ಎರಡು ಉಸಿರಿನ ನಡುವೆ ಬಿಡುವು ಬಂತು. ಅವಳ ಬೆರಳು ಗಾಳಿಯಲ್ಲೇ ನಿಂತಿತು. ಉಸಿರು ಮತ್ತೆ ಬಂತು.

“ಅವನಿಗೆ ಸುಸ್ತು ಮಾಡಿಸ್ಬೇಡ” ಅಂದ ಮೈಲೋ, ಬಾಯಿತುಂಬ. ಅವನ ಕಣ್ಣು ಟೀವಿಯ ಮೇಲಿತ್ತು, ಅಣ್ಣನ ಮೇಲಲ್ಲ. ಬಂದಾಗಿನಿಂದ ಒಮ್ಮೆಯೂ ಅಣ್ಣನನ್ನು ಅವನು ನೇರವಾಗಿ ನೋಡಿರಲಿಲ್ಲ.

ಅವನ ಫೋನು ಮೇಜಿನ ಮೇಲೆ ಮುಖ ಅಡಿಯಾಗಿ ಬಿದ್ದಿತ್ತು. ಬಿದ್ದಲ್ಲೇ ಗುರ್‌ಗುಡುತ್ತಿತ್ತು.

“ತೆಗೆದು ನೋಡ್ಬಾರ್ದಾ? ಯಾರೋ ಪಾಪ ಕರೀತಿದ್ದಾರೆ.”

“ಅಯ್ಯೋ, ಮುಟ್ಟಬೇಡ! ನಿಮ್ಮ ಮಗಳು ಹಾಕಿಕೊಟ್ಲಲ್ಲ ಈ ಇಂಟರ್ನೆಟ್ ಟೀವಿ, ಇದರಲ್ಲಿ ಎಲ್ಲಾ ಲೇಟು. ಊರಿಗೆಲ್ಲ ಗೊತ್ತಾದ್ಮೇಲೆ ನಮಗೆ ಕಾಣೋದು. ಆ ಗೆಳೆಯರು ಅನ್ನಿಸ್ಕೊಂಡ ಕಳ್ಳರು ಮೊದ್ಲೇ ಬರೆದು ಮಜಾ ಹಾಳ್ಮಾಡ್ತಾರೆ.”

“ಎಷ್ಟು ಲೇಟು?”

“ಅರ್ಧ ನಿಮಿಷವೋ ಮುಕ್ಕಾಲೋ. ಯಾಕೆ? ಬೇಗ ಏಳು, ಶುರುವಾಗುತ್ತೆ. ಜಾಗಕ್ಕೆ, ಜಾಗಕ್ಕೆ.”

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಅಡುಗೆಮನೆ ದಾಟುವವರೆಗೂ ಆ ಮಾತಿನಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಅಜ್ಜಿಯ ನೆನಪಾಗುತ್ತಿತ್ತು. ಸಮುದ್ರದಾಚೆಯ ಪೂರ್ವಿಕರ ದೇಶದಿಂದ ಹಡಗಿನಲ್ಲಿ ಬಂದ ತನ್ನ ತಾಯಿಯಿಂದ ಅಜ್ಜಿ ಕಲಿತ ಕಥೆ: ಕೊಳದ ತಳದಲ್ಲಿ ಹಸಿರು ಕೋಟಿನ ಮುದುಕನೊಬ್ಬ ಮನೆ ಮಾಡಿಕೊಂಡಿದ್ದಾನೆ. ಅವನ ಕಪಾಟಿನ ತುಂಬ ಮಗುಚಿಟ್ಟ ಬಟ್ಟಲುಗಳು. ಮುಳುಗಿದವರ ಉಸಿರನ್ನು ಒಂದೊಂದು ಬಟ್ಟಲಿನಡಿ ಒಂದೊಂದಾಗಿ ಮುಚ್ಚಿಟ್ಟಿರುತ್ತಾನೆ. ಅವನು ಸಂತೆಗೆ ಹೋದಾಗ ಮನೆಗೆಲಸದ ಹುಡುಗಿ ಒಂದು ಬಟ್ಟಲು ಎತ್ತುತ್ತಾಳೆ, ಗುಳ್ಳೆಯೊಂದು ಮೇಲೇರಿ ನೀರಿನಾಚೆ ಹೋಗುತ್ತದೆ. ಆಮೇಲೆ ಏನಾಗುತ್ತದೆ ಅಜ್ಜೀ ಎಂದು ಕೇಳಿದರೆ, ಎತ್ತಿದವಳು ಆಮೇಲೆ ನಿಲ್ಲಲಾರಳು, ಎಲ್ಲವನ್ನೂ ಎತ್ತುತ್ತಾಳೆ ಎನ್ನುತ್ತಿದ್ದಳು. ಆರ್ಲಿಸ್‌ಗೆ ಚಿಕ್ಕಂದಿನಲ್ಲಿ ಆ ಹುಡುಗಿಯ ಮೇಲೆ ಕೋಪ. ಉಸಿರು ಬಟ್ಟಲಿನಡಿ ಇದ್ದರೆ ಇದ್ದ ಹಾಗಾದರೂ ಇರುತ್ತದಲ್ಲ, ಯಾಕೆ ಎತ್ತಬೇಕಿತ್ತು?

ನಾಲ್ಕು ಭಾಗದ ಆಟದ ಮೂರನೇ ಕ್ವಾರ್ಟರಿನಲ್ಲಿ ಪಕ್ಕದ ರಾಜ್ಯದವರು ಮತ್ತೊಮ್ಮೆ ಗೆರೆ ದಾಟಿದರು. ಅದು ಅವಳಿಗೆ ಮೊದಲು ತಿಳಿದದ್ದು ಡೆಲ್ಮರ್‌ನಿಂದ. ಅವನು ರೇಡಿಯೋವನ್ನು ನೆಲದ ಮೇಲಿಟ್ಟು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ಡ್ರೈಯರು ಓಡುತ್ತಿದ್ದರೆ ಅವಳು ಇದನ್ನೆಲ್ಲ ಗಮನಿಸುತ್ತಲೂ ಇರಲಿಲ್ಲವೇನೋ. ಡ್ರೈಯರೂ ಆಮ್ಲಜನಕದ ಯಂತ್ರವೂ ಒಟ್ಟಿಗೆ ಓಡಿದರೆ ಮನೆಯ ಫ್ಯೂಸು ಹಾರುತ್ತದೆ ಎಂದು ನಿನ್ನೆಯಷ್ಟೇ ಗೊತ್ತಾಗಿ ಅದನ್ನು ನಿಲ್ಲಿಸಿದ್ದರು. ಈ ನಿಶ್ಶಬ್ದದಲ್ಲಿ, ಯಾಕೆಂದು ತಿಳಿಯದೆಯೇ, ಅವಳು ಎಣಿಸತೊಡಗಿದಳು. ಒಂದು, ಎರಡು. ಡೆಲ್ಮರ್ ತಲೆ ಹಿಡಿದುಕೊಂಡೇ ಇದ್ದ. ಹತ್ತೊಂಬತ್ತು, ಇಪ್ಪತ್ತು. ಹಜಾರದಲ್ಲಿ ಮೈಲೋ “ಹಿಡಿ, ಹಿಡಿ ಅವನನ್ನ, ಕಾಲಿಗೆ ಬೀಳು” ಎಂದು ನಮ್ಮ ಹುಡುಗರನ್ನು ಹುರಿದುಂಬಿಸುತ್ತಿದ್ದ, ಇನ್ನೂ ಹಿಡಿಯುವುದಕ್ಕೆ ಯಾರೋ ಇದ್ದಾರೆಂಬಂತೆ. ನಲವತ್ತೊಂದು. ನಲವತ್ತೆರಡು. ನಲವತ್ತಮೂರಕ್ಕೆ ಮೈಲೋ ಥೂ ಎಂದ.

ಅವಳು ಕುರ್ಚಿಯ ಮೇಲೆ ಕೂತಳು. ಡೆಲ್ಮರ್‌ನ ರೇಡಿಯೋ ಹೇಳುವ ಹೊತ್ತಿಗೇ ಎಲ್ಲ ಆಗಿಹೋಗಿತ್ತು. ಇಣುಕಬೇಡ ಎಂದು ಅವನು ಕೂಗುವಾಗ, ಬಾಗಿಲಲ್ಲಿ ನಿಲ್ಲಬೇಡ ಎನ್ನುವಾಗ, ಆ ಓಟ ಓಡಿ ಮುಗಿದಿತ್ತು, ಚೆಂಡು ನೆಲಕ್ಕೆ ಬಿದ್ದಿತ್ತು, ಹುಡುಗರು ಎದ್ದು ಮಂಡಿಯ ಹುಲ್ಲು ಕೊಡವಿಕೊಳ್ಳುತ್ತಿದ್ದರು. ಆಗಿಹೋದದ್ದರ ಮೇಲೆ ಅವಳ ಕಣ್ಣು ಬೀಳದಿರಲೆಂದು ಅವಳನ್ನು ಇಲ್ಲಿ ಕೂರಿಸಿದ್ದರು. ಸೆಪ್ಟೆಂಬರಿನಿಂದ, ಮಗಳು ಬಂದು ಈ ಟೀವಿ ಹಾಕಿಕೊಟ್ಟಂದಿನಿಂದ, ಪ್ರತಿ ಶನಿವಾರ. ಮೈಲೋಗೆ ಅದು ಗೊತ್ತೇ ಇತ್ತು, ಫೋನು ಮಗುಚಿಟ್ಟವನೇ ಅವನು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದ, ಒಂದಕ್ಕೊಂದು ತಾಗದಂತೆ. ಅವಳಿಗೆ ನಗು ಬಂತು, ಸದ್ದಿಲ್ಲದ ಕೆಟ್ಟ ನಗು. ನಗುತ್ತಿರುವಾಗಲೇ ಆಸ್ಪತ್ರೆಯ ಬೆಳಕಿನ ಪರದೆ ಕಣ್ಣ ಮುಂದೆ ಬಂದು ನಗು ನಿಂತಿತು. ಆ ಚಿತ್ರವನ್ನು ತೆಗೆದದ್ದು ಯಾವಾಗ? ಮಂಗಳವಾರ. ಅವಳು ಒಳನುಗ್ಗಿ ನೋಡಿದ್ದು ಶುಕ್ರವಾರ. ಮಂಗಳವಾರದಿಂದ ಶುಕ್ರವಾರದವರೆಗೆ ಅವನ ಎದೆ ಹಾಗೆಯೇ ಬೆಳ್ಳಗಿತ್ತು, ಇಬ್ಬರೂ ಜೋಳ ಸುಲಿಯುತ್ತಿದ್ದರು, ಆಸ್ಪತ್ರೆಯ ವರದಿ ಲಕೋಟೆಯಲ್ಲಿ ಕೂತಿತ್ತು. ಅವಳು ಮಾಡಿದ್ದಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಮರುಗಳಿಗೆಗೇ ಎತ್ತಿದ ಕಲ್ಲಿನಡಿ ಏನೂ ಇಲ್ಲವೆಂದು ಕಂಡಿತು. ನೋಡಿದ್ದರಿಂದ ಕೆಡುವುದಿಲ್ಲವಾದರೆ ನೋಡದೆ ಇದ್ದುದರಿಂದ ಉಳಿಯುವುದೂ ಇಲ್ಲ. ಇಷ್ಟು ವರ್ಷ ಇಲ್ಲಿ ಕೂತು ಅವಳು ಯಾರಿಗೂ ಏನನ್ನೂ ಗೆದ್ದುಕೊಟ್ಟಿರಲಿಲ್ಲ. ಇವತ್ತು ಕೂತು ಅವನಿಗೆ ಡಿಸೆಂಬರ್ ಕೊಡುವುದಕ್ಕೂ ಆಗುವುದಿಲ್ಲ. ಇವತ್ತಿನ ಎರಡು ಗಂಟೆ, ಅವನ ಕೈ ಹಿಡಿದು ಕೂರಬಹುದಾಗಿದ್ದ ಎರಡು ಗಂಟೆ, ಟವೆಲಿನ ಮಡಿಕೆಯಲ್ಲಿ ಹೋಗಿತ್ತು.

ಹಾಗಾದರೆ ಎದ್ದು ಹೋಗು, ಎಂದಿತು ಅವಳ ಮನಸ್ಸು. ಅವಳು ಏಳಲಿಲ್ಲ. ಮೂರು ದಶಕದ ಅಭ್ಯಾಸ ಕಾಲಿನಲ್ಲಿ ನೀರು ತುಂಬಿಕೊಂಡ ಹಾಗೆ ಕೂತಿತ್ತು. ಹೋದರೆ ಮೈಲೋ ಕೂಗುತ್ತಾನೆ, ಲೂಮಿರ್ ಬೆರಳೆತ್ತಿ ಬಾಗಿಲು ತೋರಿಸುತ್ತಾನೆ. ಸಾಯುವವನ ಕೈಯಲ್ಲಿ ಇನ್ನೊಮ್ಮೆ ಹೊರಗೆ ಹೋಗು ಅನ್ನಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಸೆಕೆಂಡುಗಳ ವಿಚಾರ ವಿವರಿಸಿದರೆ? ತಂಡ ಸೋತರೆ ಅವರು ಯಾವ ವಿವರಣೆಯನ್ನೂ ಕೇಳುವುದಿಲ್ಲ. ಡಿಸೆಂಬರನ್ನು ಕಿತ್ತುಕೊಂಡವಳು ಎನ್ನುವ ಕಣ್ಣಿನಿಂದ ಅವನು ನೋಡುತ್ತಾನೆ, ಆ ನೋಟವೇ ಕಡೆಯದಾಗಿಬಿಟ್ಟರೆ?

ನಾಲ್ಕನೇ ಕ್ವಾರ್ಟರು ಅರ್ಧ ಕಳೆದಿತ್ತು. ಡೆಲ್ಮರ್‌ನ ಹಾರ್ನು ಕೂಗಿತು.

ಅವಳು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮುಂಚೆಯೇ ಅಡುಗೆಮನೆ ದಾಟಿದ್ದಳು. ಮನಸ್ಸಿನಲ್ಲಿ ಎಣಿಕೆ ನಡೆದೇ ಇತ್ತು: ಒಂಬತ್ತು, ಹತ್ತು. ಹಜಾರದೊಳಗೆ ಬಂದು, ಟೀವಿಯ ಮುಂದೆಯೇ ಹಾದು, ಮಂಚದ ಅಂಚಿನಲ್ಲಿ ಕೂತು ಲೂಮಿರ್‌ನ ಕೈ ತೆಗೆದುಕೊಂಡಳು. ಕೈ ತಣ್ಣಗಿತ್ತು.

“ಹುಚ್ಚು ಹಿಡೀತಾ ನಿಂಗೆ?” ಮೈಲೋ ಅರಚಿದ. “ಇಪ್ಪತ್ತು ಗಜ ಉಳಿದಿದೆ! ಇಪ್ಪತ್ತೇ ಗಜ! ಎದ್ದೇಳು! ಲೂಮಿರ್, ಹೇಳೋ ನಿನ್ನ ಹೆಂಡ್ತಿಗೆ!”

“ಇಲ್ಲೇ ಕೂರ್ತೀನಿ.”

“ಕೂರ್ತಾಳಂತೆ! ತಾಯಿ, ಕೈ ಮುಗೀತೀನಿ, ಆಮೇಲೆ ಬೇಕಾದ್ರೆ ನಿನಗೆ ಸಿಂಹಾಸನ ಹಾಕ್ಸಿಕೊಡ್ತೀನಿ, ಈಗ ಎದ್ದು—”

ಟೀವಿಯೊಳಗೆ ಕೆಂಪು ಅಂಗಿಯ ತೆಳ್ಳನೆಯ ಹುಡುಗನೊಬ್ಬ ಇಬ್ಬರ ನಡುವಿನಿಂದ ನುಸುಳಿ, ಗೆರೆಯ ಆಚೆ ಉರುಳಿದ. ಮೈಲೋನ ಬಾಯಿ ತೆರೆದೇ ಇತ್ತು. ಅವಳು ಆ ಹುಡುಗನ ಮುಖ ನೋಡಿದಳು. ಶಿರಸ್ತ್ರಾಣ ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು, ಅಷ್ಟು ಚಿಕ್ಕವನು. ಮೂವತ್ತು ವರ್ಷ ಕೂಗಾಟವಾಗಿಯಷ್ಟೇ ಕೇಳಿದ್ದ ಹುಡುಗರಿಗೆ ಹೀಗೊಂದು ಹಣೆ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಆಯ್ತಾ?” ಅಂದಳು. ಮೋಸ ಮಾಡಿದ ಬಿಸಿ ಅವಳ ಕಿವಿಗೇರಿತ್ತು.

ಮೈಲೋ ಅವಳನ್ನೂ ಟೀವಿಯನ್ನೂ ಬದಲಿಸಿ ಬದಲಿಸಿ ನೋಡಿದ. “ಇದು... ತಡಿ, ತಡಿ. ಇನ್ನೊಂದು ಅಂಕದ ಒದೆತ ಇದೆ.” ಒದೆತ ಕಂಬದಿಂದ ಮೊಳದಷ್ಟು ಆಚೆ ಹೋಯಿತು. ಹದಿನಾಲ್ಕಕ್ಕೆ ಹದಿಮೂರು. ಹಾರ್ನು ಕೇಳಿ ಓಡಿಬಂದವಳಿಗೆ ಇದರ ಸುದ್ದಿ ಇರಲಿಲ್ಲ. ಮೈಲೋ ತುಂಬ ಹೊತ್ತು ಗಡ್ಡ ಕೆರೆದುಕೊಂಡು ನ್ಯಾಯ ತೀರಿಸಿದ: “ಆರು ನಿನ್ನಿಂದ ಬಂತು, ಒಂದು ನಿನ್ನಿಂದ ಹೋಯ್ತು. ಒಟ್ಟಿನಲ್ಲಿ ಲಾಭ. ಕೂತ್ಕೋ. ಈಗ ಕೂತಿದ್ದೀಯಲ್ಲ, ಹಾಗೇ, ಅದೇ ಭಂಗಿ. ಕಾಲು ಅಲ್ಲಾಡಿಸಿದ್ರೆ ನೋಡು.”

ಲೂಮಿರ್ ಬಾಗಿಲು ತೋರಿಸಲಿಲ್ಲ. ಅವನ ಹೆಬ್ಬೆರಳು ಅವಳ ಅಂಗೈಯ ಮೇಲೆ ಒಮ್ಮೆ ಹರಿದು ನಿಂತಿತು. ಅವಳಿಗೆ ಅಳು ಬಂತು. ಸುಳ್ಳಿನ ದಾರಿಯಿಂದಲಾದರೂ ಸರಿ, ಒಳಗೆ ಬಂದಿದ್ದಳು. ಆದರೆ ಈಗ ಅವಳಿಗೆ ಇನ್ನೊಂದು ಹೆದರಿಕೆ ಶುರುವಾಯಿತು. ಹೊರಗಿದ್ದಾಗ ಅವಳಿಗೆ ಮುಂದಿನದು ಗೊತ್ತಾಗುತ್ತಿತ್ತು. ಇಲ್ಲಿ ಕೂತವಳಿಗೆ ಏನೂ ಗೊತ್ತಿಲ್ಲ, ಭಂಗಿ ಮಾತ್ರ ಇದೆ. ಇನ್ನು ಗೆದ್ದರೂ ಅವಳೇ, ಸೋತರೂ ಅವಳೇ. ಕಡೆಗೆ ಮೂರು ಸೆಕೆಂಡು ಉಳಿದಾಗ ಚೆಂಡು ನಮ್ಮವರ ಕೈಯಲ್ಲಿತ್ತು, ನಲವತ್ತೆರಡು ಗಜದ ದೂರ, ಒದ್ದು ಕಂಬಗಳ ನಡುವೆ ದಾಟಿಸಿದರೆ ಮೂರು ಅಂಕ, ಗೆಲುವು, ಡಿಸೆಂಬರ್. ಮೈಲೋ ಟೀವಿಯ ಮುಂದೆ ಮಂಡಿಯೂರಿದ್ದ. ಒದೆಯುವ ಹುಡುಗ ಹೆಜ್ಜೆ ಅಳೆದ, ಎರಡು ಹಿಂದೆ, ಒಂದು ಪಕ್ಕಕ್ಕೆ. ಎದುರಿನವರು ಅವನ ಎದೆ ನಡುಗಲೆಂದು ಟೈಮ್‌ಔಟ್, ಆಟಕ್ಕೆ ಬಿಡುವು, ಕೇಳಿದರು. ಅವನು ಮತ್ತೆ ಮೊದಲಿನಿಂದ ಹೆಜ್ಜೆ ಅಳೆಯಲು ಹೊರಟ.

ಲೂಮಿರ್ ಟೀವಿ ನೋಡುತ್ತಿರಲಿಲ್ಲ. ಅವನ ಮುಖ ಕಿಟಕಿಯತ್ತ ಹೊರಳಿತ್ತು. ಅವಳೂ ಅತ್ತ ನೋಡಿದಳು. ಒಣಗಿದ ಹುಲ್ಲಿನಾಚೆ ಡೆಲ್ಮರ್‌ನ ಗ್ಯಾರೇಜು, ಅವನ ಗಾಡಿಯ ಮೂತಿ, ಹೀಟರಿನ ಕಿತ್ತಳೆ ಬೆಳಕು. ಮುದುಕ ಎದ್ದು ನಿಂತಿದ್ದ. ಗಾಡಿಯ ಕಡೆ ಹೋಗಲಿಲ್ಲ. ಕೈಯೆತ್ತಿ ಹಗ್ಗ ಹಿಡಿದ. ಬಾಗಿಲು ದಡದಡನೆ ಇಳಿದು ನೆಲ ಮುಟ್ಟಿತು.

ಮೈಲೋಗೆ ಏನೂ ಕೇಳಿಸಲಿಲ್ಲ. “ದೇವರೇ, ಒಂದೇ ಒಂದು, ಇದೊಂದು” ಎನ್ನುತ್ತಿದ್ದ.

“ಬಾಗ್ಲು... ಹಾಕ್ದ” ಅಂದ ಲೂಮಿರ್. ತುಟಿ ಮಾತ್ರ ಆಡಿತು.

ಅವಳು ಅವನ ಬಾಯಿಯ ಹತ್ತಿರ ಬಾಗಿದಳು. “ನಿಂಗೆ ಕಾಣುತ್ತಾ ಇಲ್ಲಿಂದ?”

“ಮಂಚ ಹಾಕಿದಾಗಿಂದ.”

ಮಂಚ ಹಾಕಿ ಆರು ಶನಿವಾರ. ಆರು ಶನಿವಾರವೂ ಅವನು ಎಲ್ಲವನ್ನೂ ಮೊದಲೇ ಕಂಡಿದ್ದ, ಕಂಡೂ ಬೆರಳೆತ್ತಿ ಅವಳಿಗೆ ಬಾಗಿಲು ತೋರಿಸಿದ್ದ. ಆಗಲೇ ಅವಳು ಹಾರ್ನಿನ ಹಿಂದೆಯೇ ಓಡಿಬಂದದ್ದೂ ಅವನಿಗೆ ಗೊತ್ತು. ಸಿಟ್ಟು ಬರಬೇಕಿತ್ತು. ಅವಳ ಬಾಯಲ್ಲಿ ಬಂದದ್ದು ಒಂದು ಹುಡುಗಿಯ ಧ್ವನಿ: “ಮತ್ತೆ ಯಾಕೆ ಕಳಿಸ್ದೆ ನನ್ನ?”

ಅವನು ಉತ್ತರಕ್ಕೆ ಬೇಕಾದಷ್ಟು ಗಾಳಿಯನ್ನು ಮೂರು ಸಲಕ್ಕೆ ಕೂಡಿಸಿಕೊಂಡ. “ಆಟ ಇದ್ದಷ್ಟು ಹೊತ್ತಾದ್ರೂ... ನೀನು ನನ್ನ... ನೋಡ್ತಾ ಕೂರೋದು ತಪ್ಪಲಿ ಅಂತ.”

ಟೀವಿಯಲ್ಲಿ ಹುಡುಗ ಇನ್ನೂ ಒದ್ದಿರಲಿಲ್ಲ. ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದ. ಎಂಬತ್ತು ಸಾವಿರ ಜನ ಉಸಿರು ಬಿಗಿಹಿಡಿದಿದ್ದರು, ಎಲ್ಲ ಮುಗಿದ ಮೇಲೂ. ಆರ್ಲಿಸ್‌ಗೆ ಎದ್ದು ಹೋಗಬೇಕೆನ್ನಿಸಿತು. ಯಾರೂ ಕಳಿಸುತ್ತಿರಲಿಲ್ಲ, ಹೋದರೆ ತಡೆಯುವವರೂ ಇರಲಿಲ್ಲ, ಕಾಲುಗಳು ತಾವೇ ಹೊರಟು ನಿಂತಿದ್ದವು. ಹೊರಗಿದ್ದುದು ಅವಮಾನವೆಂದು ಮಾತ್ರ ಅವಳು ತಿಳಿದಿದ್ದಳು. ಅದರೊಳಗೆ ಎಷ್ಟು ನೆಮ್ಮದಿ ಇತ್ತೆಂದು ಈಗ ಕಾಣುತ್ತಿತ್ತು. ಗೋಡೆಯಾಚೆಯವಳಿಗೆ ಏನಾದರೂ ಸದ್ದಾಗಿಯಷ್ಟೇ ಬರುತ್ತದೆ. ಇಲ್ಲಿ ಅವನ ಕುತ್ತಿಗೆಯ ಗುಳಿ ಒಳಗೆ ಸೆಳೆಯುವುದು ಕಾಣುತ್ತದೆ. ತುಟಿಯ ಅಂಚಿನ ನೀಲಿ ಕಾಣುತ್ತದೆ. ಅವನ ಕೈ ಅವಳ ಕೈಯನ್ನು ಹಿಡಿದುಕೊಂಡಿರಲಿಲ್ಲ, ಬಿಟ್ಟೂ ಇರಲಿಲ್ಲ, ಸುಮ್ಮನೆ ಅದರಲ್ಲಿ ಬಿದ್ದಿತ್ತು. ಹೋಗೆಂದು ಅವನು ಇನ್ನು ಹೇಳಲಾರ. ಅದಕ್ಕೆ ಬೇಕಾದ ಗಾಳಿ ಈ ಮಾತಿಗೆ ಖರ್ಚಾಗಿತ್ತು.

ಅವಳು ಕಾಲುಗಳನ್ನು ಮಂಚದ ಮೇಲೆ ತೆಗೆದುಕೊಂಡಳು. ಅವನ ಪಕ್ಕ, ಕಬ್ಬಿಣದ ಸರಳಿಗೆ ಬೆನ್ನು ಒತ್ತುವ ಹಾಗೆ, ಪೂರ್ತಿ ಕೂತಳು.

ಹಿಂದೆ ಎಲ್ಲೋ ಚೆಂಡಿನ ಸದ್ದಾಯಿತು, ಜನ ಎದ್ದು ನಿಂತ ಸದ್ದಾಯಿತು, ಆಮೇಲೆ ಮೈಲೋ ನೆಲಕ್ಕೆ ಕೈ ಬಡಿದ. “ಹೋಯ್ತು! ಗೇಣು! ಗೇಣಿನಷ್ಟು! ನಾನು ಹೇಳ್ಲಿಲ್ವಾ ಕಾಲು ಅಲ್ಲಾಡಿಸ್ಬೇಡ ಅಂತ? ಹೇಳ್ಲಿಲ್ವಾ ಆರ್ಲಿಸ್? ಈಗ ನೋಡು, ಈಗ ಅವನಿಗೆ...” ಎನ್ನುತ್ತ ತಿರುಗಿದವನು ಇಬ್ಬರನ್ನೂ ಕಂಡ. ಇವತ್ತು ಮೊದಲ ಸಲ ಅಣ್ಣನ ಮುಖದ ಮೇಲೆ ಅವನ ಕಣ್ಣು ಬಿತ್ತು. ಮಂಡಿಯ ಮೇಲೆಯೇ, ಕೈಯಲ್ಲಿ ಟೀವಿಯ ರಿಮೋಟು ಹಿಡಿದುಕೊಂಡು ಉಳಿದ.

“ಟೀವಿ ಆರಿಸ್ಲಾ?” ಎಂದು ಕೇಳಿದ, ತೀರ ಸಣ್ಣ ದನಿಯಲ್ಲಿ.

“ಇರ್ಲಿ ಬಿಡು” ಅಂದಳು ಆರ್ಲಿಸ್. ಅವಳು ತಿರುಗಲಿಲ್ಲ. ಲೂಮಿರ್‌ನ ಎದೆ ಏರಿತು. ಇಳಿಯಿತು. ಅವಳು ಕಣ್ಣು ತೆಗೆಯದೆ ಮುಂದಿನದಕ್ಕೆ ಕಾದಳು.